ಮಂಚದ ಕಾಲಿನಿಂದ ಪಿಸ್ತೂಲಿನ ಹಿಡಿ

‘ಮಾಮ, ಊರಿನ ಹಳೇ ಮನೆಯಲ್ಲಿ ಗಟ್ಟಿ ಮರದ ತುಂಡು ಏನಾದರೂ ಉಂಟಾ? ಪಿಸ್ತೂಲಿಗೆ ಹಿಡಿ ಮಾಡಿಸಬೇಕಿತ್ತು.’

ವಿಜಯಪುರದಲ್ಲಿ ಓದುತ್ತಿರುವ ತಂಗಿಯ ಮಗಳು ಮಳೆಗಾಲ ಶುರುವಾಗುವ ಹೊತ್ತಿಗೆ ಫೋನಿನಲ್ಲಿ ಹೀಗೆ ಕೇಳಿದಾಗ ನಾವು ಊಟಕ್ಕೆ ಕೂತಿದ್ದೆವು. ಮೀನು ಸಾರು ಬಡಿಸುತ್ತಿದ್ದ ಅವಳ ಅಜ್ಜಿ, ಅಂದರೆ ನಮ್ಮ ಉಮ್ಮ, ಸೌಟನ್ನು ಅಲ್ಲೇ ನಿಲ್ಲಿಸಿ ‘ಡಾಕ್ಟ್ರಾಗ್ಲಿಕ್ಕೆ ಕಳಿಸಿದ್ದಲ್ವಾ, ಪಿಸ್ತೂಲು ಎಂತಕ್ಕೆ?’ ಎಂದರು. ಅವಳು ಪಿಯುಸಿಯಲ್ಲಿದ್ದಾಗಲೇ ಮಂಗಳೂರಿನಲ್ಲಿ ಏರ್ ಪಿಸ್ತೂಲ್ ಕಲಿತಿದ್ದು ಉಮ್ಮನಿಗೆ ಗೊತ್ತಿತ್ತು. ಆದರೆ ಎಂಬಿಬಿಎಸ್ ಸೀಟು ಸಿಕ್ಕಿದ ಮೇಲೆ ಆ ಹುಚ್ಚು ಬಿಟ್ಟಿರಬಹುದು ಎಂದುಕೊಂಡಿದ್ದರು. ಬಿಟ್ಟಿರಲಿಲ್ಲ.

ಅಲ್-ಅಮೀನ್ ಮೆಡಿಕಲ್ ಕಾಲೇಜು 1984ರಲ್ಲಿ ಶುರುವಾದ ಮೇಲೆ ನಮ್ಮ ಕಡೆಯವರಿಗೆ ವಿಜಯಪುರ ತೀರಾ ಅಪರಿಚಿತ ಊರಾಗಿ ಉಳಿದಿಲ್ಲ. ಈಗಂತೂ ಮಂಗಳೂರಿನಿಂದ ನೇರ ರೈಲೇ ಇದೆ. ಮಕ್ಕಳನ್ನು ಬಿಡಲಿಕ್ಕೆ, ಕರೆತರಲಿಕ್ಕೆ ಹೋಗುವ ಹೆತ್ತವರು ಗೋಲಗುಂಬಜ್ ನೋಡಿ, ಒಣದ್ರಾಕ್ಷಿ ಕಟ್ಟಿಸಿಕೊಂಡು ಬರುತ್ತಾರೆ. ನಾವು ಆ ಸಲ ಹೋದದ್ದು ಹಲಸಿನ ಮರದ ಮಂಚದ ಕಾಲನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಇದು ಬೆಂಕಿ ಉಗುಳುವ ಪಿಸ್ತೂಲಿನ ಕತೆ ಅಲ್ಲ. ಹತ್ತು ಮೀಟರ್ ಏರ್ ಪಿಸ್ತೂಲು ಗಾಳಿಯ ಒತ್ತಡದಲ್ಲಿ 4.5 ಮಿಲಿಮೀಟರ್‌ನ ಸೀಸದ ಚಿಕ್ಕ ಪೆಲೆಟ್ ಹಾರಿಸುವ ಆಟದ ಸಾಮಾನು. ಈ ಅಳತೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಗಾಳಿ ಪಿಸ್ತೂಲಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಹಾಗಂತ ಬ್ಯಾಗಿನಲ್ಲಿ ಹಾಕಿಕೊಂಡು ತಿರುಗುವ ಸಾಮಾನೂ ಅಲ್ಲ. ಪೆಟ್ಟಿಗೆಗೆ ಬೀಗ, ಜತೆಗೆ ಖರೀದಿಯ ಬಿಲ್ಲು ಮತ್ತು ಶೂಟರ್ ಕಾರ್ಡು ಇಟ್ಟುಕೊಂಡೇ ಅವಳು ಪ್ರಯಾಣ ಮಾಡುವುದು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಇದೇ ಆಟದಲ್ಲಿ. ಒಂದು ಒಂಟಿಯಾಗಿ, ಇನ್ನೊಂದು ಸರಬ್‌ಜೋತ್ ಸಿಂಗ್ ಜತೆಗೆ. ನಮ್ಮ ರಾಜ್ಯದವರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಪಿ.ಎನ್. ಪ್ರಕಾಶ್ 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ತಂದರು, ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ. ನಮ್ಮವರೇ ಆದ ಟಿ.ಎಸ್. ದಿವ್ಯಾ 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್‌ಜೋತ್ ಜತೆ ಮಿಶ್ರ ತಂಡದ ಚಿನ್ನ ಗೆದ್ದರು.

ಇವರೆಲ್ಲರ ಪಿಸ್ತೂಲನ್ನು ಟಿವಿಯಲ್ಲಿ ಗಮನಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಲೋಹದ ಭಾಗ ಹೆಚ್ಚುಕಮ್ಮಿ ಒಂದೇ ತರ. ಮರದ ಹಿಡಿ ಮಾತ್ರ ಒಬ್ಬೊಬ್ಬರದು ಒಂದೊಂದು ತರ. ಕೆಲವದಕ್ಕೆ ಅಲ್ಲಲ್ಲಿ ಪುಟ್ಟಿ ಮೆತ್ತಿರುತ್ತದೆ, ಕೆಲವು ಕಡೆ ಉಜ್ಜಿ ಬಣ್ಣ ಹೋಗಿರುತ್ತದೆ. ನೋಡಲು ಅಂದವಿಲ್ಲ. ಲಕ್ಷಗಟ್ಟಲೆ ಬೆಲೆಯ ಸಾಮಾನನ್ನು ಯಾಕೆ ಹೀಗೆ ಹಾಳು ಮಾಡಿಕೊಳ್ಳುತ್ತಾರೆ ಎಂದು ನಮಗೂ ಅನ್ನಿಸಿತ್ತು.

ಒಂದು ಮಿಲಿಮೀಟರ್‌ನ ಲೆಕ್ಕ

ಹುಡುಗಿಯ ಪಿಸ್ತೂಲು ಸೆಕೆಂಡ್ ಹ್ಯಾಂಡ್. ಮೊದಲಿನ ಯಜಮಾನ ಎತ್ತರದ ಗಂಡಸು. ಹಿಡಿಯ ಮೇಲೆ ‘ಎಂ’ ಎಂದು ಬರೆದಿತ್ತು, ಅಂದರೆ ಮಧ್ಯಮ ಗಾತ್ರ. ಯುರೋಪಿನ ಗಂಡಸಿನ ಮಧ್ಯಮ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಮರಕ್ಕೆ ಅಂಟಿ ಕೂರಬೇಕು. ಅವಳ ಕೈ ಹಾಕಿದರೆ ಅಲ್ಲಿ ಒಂದು ನಾಣ್ಯ ತೂರುವಷ್ಟು ಸಂದು. ತೋರುಬೆರಳು ಟ್ರಿಗರ್‌ಗೆ ಮಾತ್ರ ತಾಗಬೇಕು, ಮರಕ್ಕೆ ತಾಗಬಾರದು. ಅವಳ ಬೆರಳು ಮರವನ್ನು ಒರೆಸಿಕೊಂಡೇ ಹೋಗುತ್ತಿತ್ತು. ಹಾಗಾದಾಗ ಟ್ರಿಗರ್ ನೇರ ಹಿಂದಕ್ಕೆ ಬರುವುದಿಲ್ಲ, ಪಿಸ್ತೂಲು ಕೂದಲೆಳೆಯಷ್ಟು ಪಕ್ಕಕ್ಕೆ ತಿರುಗುತ್ತದೆ.

ಕೂದಲೆಳೆ ಅಂದರೆ ಎಷ್ಟು? ಪಿಸ್ತೂಲಿನ ಹಿಂದಿನ ಗುರಿಕಚ್ಚಿನಿಂದ ಮುಂದಿನ ಗುರಿಮೊನೆಗೆ ಇರುವುದು ಸುಮಾರು ಒಂದು ಅಡಿ. ಗುರಿಹಲಗೆ ಇರುವುದು 10 ಮೀಟರ್ ದೂರದಲ್ಲಿ. ಮೊನೆ ಕಚ್ಚಿನ ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಸರಿದರೆ ಅಲ್ಲಿ ಪೆಲೆಟ್ ಮೂರು ಸೆಂಟಿಮೀಟರ್ ಸರಿಯುತ್ತದೆ. ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. ಮೂರು ಸೆಂಟಿಮೀಟರ್ ತಪ್ಪಿದರೆ ಹತ್ತು ಹೋಗಿ ಏಳು. ಒಂದೇ ಕೈಯಲ್ಲಿ, ಒಂದೂಕಾಲು ಗಂಟೆಯೊಳಗೆ ಹೀಗೆ ಅರವತ್ತು ಹೊಡೆತ. ನಲವತ್ತನೆಯ ಹೊಡೆತ ದಾಟುವಷ್ಟರಲ್ಲಿ ಅವಳ ಮಣಿಕಟ್ಟು ನೋಯುತ್ತಿತ್ತು. ಡಾಕ್ಟರಾಗುವ ಹುಡುಗಿ, ಬಲಗೈ. ಉಮ್ಮನ ಆತಂಕ ಸುಳ್ಳಲ್ಲ.

ವಿದೇಶದಿಂದ ‘ಎಸ್’ ಗಾತ್ರದ ಹಿಡಿ ತರಿಸಲು ನಮಗೆ ಹೇಳಿದ ಬೆಲೆ 18,000 ರೂಪಾಯಿ. ಅಕ್ರೋಟು ಮರದ್ದು, ಚೆಂದವಾಗಿರುತ್ತದೆ. ಆದರೆ ತರಿಸಿದ ಮೇಲೂ ಅವಳ ಕೈಗೆ ಸರಿಯಾಗುತ್ತದೆಂಬ ಭರವಸೆ ಇಲ್ಲ. ಅವಳ ಅಂಗೈ ಸಣ್ಣದು, ಬೆರಳು ಉದ್ದ. ಹೇಗಿದ್ದರೂ ಉಜ್ಜಬೇಕು, ಮೆತ್ತಬೇಕು. ಹಾಗಿದ್ದ ಮೇಲೆ ಇಲ್ಲೇ ಮಾಡಿಸಿದರೇನು ಎಂಬುದು ಅವಳ ವಾದ.

ಯಾವ ಮರ ಎಂಬುದೇ ಮೊದಲ ಪ್ರಶ್ನೆ. ಬೀಟೆ ನೋಡಲು ಭರ್ಜರಿ, ಆದರೆ ಅದರ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ, ಮರವೂ ಭಾರ. ಸಾಗುವಾನಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಮೇಲೆ ಮೆತ್ತಿದ ಪುಟ್ಟಿ ಸರಿಯಾಗಿ ಹಿಡಿಯುವುದಿಲ್ಲ, ಸ್ಪಿರಿಟ್ ಹಾಕಿ ಒರೆಸಿಕೊಳ್ಳಬೇಕು. ಹಲಸು ಹದವಾದ ಮರ. ತೀರಾ ಭಾರವಿಲ್ಲ, ಉಳಿಗೆ ಚೆನ್ನಾಗಿ ಬಾಗುತ್ತದೆ, ಒಣಗಿದ ಮೇಲೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ. ವೀಣೆ, ಮೃದಂಗಕ್ಕೆ ಅದನ್ನು ಆರಿಸುವುದು ಸುಮ್ಮನೆ ಅಲ್ಲ. ನಮ್ಮ ಹಳೇ ಮನೆಯ ಅಟ್ಟದಲ್ಲಿ ಬಿಚ್ಚಿಟ್ಟ ಮಂಚ ಇತ್ತು. ಕಾಲುಗಳು ಮೂರೂವರೆ ಇಂಚು ದಪ್ಪ, ಐವತ್ತು ವರ್ಷವಾದರೂ ಹುಳ ಹಿಡಿದಿರಲಿಲ್ಲ.

‘ಯಾರ ಕೈಗೆ ಅಂತ ಮೊದ್ಲ ಹೇಳ್ರಿ’

ವಿಜಯಪುರ ನಗರದಲ್ಲಿ ಫರ್ನಿಚರ್ ಮಾಡುವ ಎರಡು ಕಡೆ ಕೇಳಿದೆವು. ಪಿಸ್ತೂಲು ಎಂದ ಕೂಡಲೇ ಒಬ್ಬರು ಕೈಮುಗಿದರು, ತಪ್ಪೆನ್ನಲಾಗದು. ಇನ್ನೊಬ್ಬರು ತಮ್ಮದು ಮೆಷಿನ್ ಕೆಲಸ, ಇಂಥ ಸಣ್ಣ ಕೆತ್ತನೆ ಆಗಲಿಕ್ಕಿಲ್ಲ ಎಂದು ಹೇಳಿ, ತಿಕೋಟಾ ಕಡೆಗೆ ಹೋಗಿ ಬಡಿಗೇರರನ್ನು ನೋಡಿ ಎಂದರು.

ತಿಕೋಟಾಕ್ಕೆ ಬಸ್ಸು ಸಂಜೆಯ ಮೇಲಿತ್ತು. ನಡುವೆ ಸಿಕ್ಕ ಹೊತ್ತಿನಲ್ಲಿ ಗೋಲಗುಂಬಜಿನ ಎದುರಿನ ನಗಾರಖಾನೆಯ ಮ್ಯೂಸಿಯಂ ನೋಡಿದೆವು. 1892ರಲ್ಲಿ ಶುರುವಾದದ್ದು. ಈ ಸಲ ಅಲ್ಲಿನ ಹಳೇ ಆಯುಧಗಳನ್ನು ನೋಡುವ ನಮ್ಮ ಕಣ್ಣೇ ಬೇರೆಯಾಗಿತ್ತು. ಅಲಗು ಬಿಟ್ಟು ಹಿಡಿಗಳನ್ನೇ ನೋಡಿದೆವು. ಹಿಂದುಸ್ತಾನಿ ಕತ್ತಿಯ ಹಿಡಿ ಇಷ್ಟು ಚಿಕ್ಕದು ಯಾಕೆ, ಹಿಂದಿನವರ ಕೈ ಚಿಕ್ಕದಿತ್ತಾ ಎಂದು ನೋಡಿದವರೆಲ್ಲ ಕೇಳುವುದುಂಟು. ಕೈ ಚಿಕ್ಕದಿರಲಿಲ್ಲ. ಹಿಡಿಯ ತುದಿಯ ಆ ದುಂಡು ತಟ್ಟೆ ಮಣಿಕಟ್ಟನ್ನು ಒತ್ತಿ ಹಿಡಿದು, ಕತ್ತಿಯನ್ನು ಚುಚ್ಚದೆ ಎಳೆದು ಕಡಿಯುವ ಹಾಗೆ ಮಾಡುತ್ತದೆ. ಮಣಿಕಟ್ಟು ಹೇಗೆ ನಡೆದುಕೊಳ್ಳಬೇಕೆಂದು ಹಿಡಿಯೇ ತೀರ್ಮಾನ ಮಾಡುತ್ತದೆ.

ಬಿಜಾಪುರದ ಹೆಸರು ಹೊತ್ತ ಹಿಡಿಯೊಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಹದಿನಾರನೇ ಶತಮಾನದ ಬಾಕು, ಬಿಜಾಪುರ ಇಲ್ಲವೇ ಗೋಲ್ಕೊಂಡಾದ್ದು ಎನ್ನುತ್ತಾರೆ. ತಾಮ್ರಕ್ಕೆ ಚಿನ್ನದ ಲೇಪ, ಮಾಣಿಕ್ಯದ ಹರಳು. ಹಿಡಿಯ ತುಂಬ ಡ್ರ್ಯಾಗನ್, ಸಿಂಹ, ಜಿಂಕೆ ಒಂದನ್ನೊಂದು ಕಚ್ಚಿಕೊಂಡಿವೆ. 1558ರಿಂದ 1580ರವರೆಗೆ ಆಳಿದ ಒಂದನೇ ಅಲಿ ಆದಿಲ್‌ಶಾಹನ ಚಿತ್ರವೊಂದರಲ್ಲಿ ಅವನ ಸೊಂಟದಲ್ಲೂ ಇಂಥದೇ ಬಾಕು ಕಾಣುತ್ತದೆ. ಫೋಟೊ ತೋರಿಸಿದಾಗ ನಮ್ಮ ಹುಡುಗಿ ಹೇಳಿದ್ದು ಇಷ್ಟು: ‘ಸಿಂಹದ ಕಿವಿ ಅಂಗೈಗೆ ಚುಚ್ಚುತ್ತೆ ಮಾಮ, ಇದು ಸೊಂಟಕ್ಕೇ ಸರಿ.’ ಶೇರ್ಜಾ ಬುರುಜಿನ ಮೇಲೆ ಕೂತಿರುವ ಮಲಿಕ್-ಎ-ಮೈದಾನ್ ತೋಪಿಗಂತೂ ಹಿಡಿಯ ಗೊಡವೆಯೇ ಇಲ್ಲ. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ನಿನ ಸಾಮಾನು. ಅದನ್ನು ಹಿಡಿಯುವ ಕೈ ಯಾವುದು!

ತಿಕೋಟಾದ ಬಡಿಗೇರ ಅಜ್ಜ ಮಾಡುವುದು ಕುಡಗೋಲು, ಕೊಡಲಿ, ಗುದ್ದಲಿಗಳ ಹಿಡಿ. ಸುತ್ತ ದ್ರಾಕ್ಷಿ ತೋಟ. ಪಿಸ್ತೂಲು ಎಂದಾಗ ಅವರೇನೂ ಬೆಚ್ಚಿಬೀಳಲಿಲ್ಲ. ‘ಹಿಡಿ ಮಾಡೂದು ದೊಡ್ಡ ಮಾತಲ್ರಿ. ಯಾರ ಕೈಗೆ ಅಂತ ಮೊದ್ಲ ಹೇಳ್ರಿ’ ಎಂದರು. ಹುಡುಗಿಯನ್ನು ತೋರಿಸಿದೆವು. ‘ಕೈ ಚಾಚವ್ವಾ ತಂಗಿ’ ಎಂದು ಕಾಗದದ ಮೇಲೆ ಅವಳ ಅಂಗೈ ಇಡಿಸಿ ಪೆನ್ಸಿಲಿನಿಂದ ಗೆರೆ ಎಳೆದರು. ಆಮೇಲೆ ಒಂದು ಕುಡಗೋಲು ಕೊಟ್ಟು ಗಾಳಿಯಲ್ಲಿ ಬೀಸಲು ಹೇಳಿ, ಅವಳ ಮಣಿಕಟ್ಟನ್ನೇ ನೋಡುತ್ತ ನಿಂತರು.

ಮಂಚದ ಕಾಲನ್ನು ಮೂಗಿಗೆ ಹಿಡಿದು, ಉಗುರಿನಿಂದ ಒತ್ತಿ, ‘ಮರ ಛಲೋ ಐತ್ರಿ. ಆದ್ರ ನಿಮ್ಮ ಕಡೆ ಮಳಿ. ಮರ ನೀರ ಕುಡದಿರ್ತೈತಿ. ತಿಂಗಳೊಪ್ಪತ್ತು ಇಲ್ಲೇ ಬಿಡ್ರಿ’ ಎಂದರು. ನಾವು ಕೇಳಲಿಲ್ಲ. ವಾಪಸ್ ಹೋಗುವ ಟಿಕೆಟ್ ಆಗಿತ್ತು, ಐವತ್ತು ವರ್ಷ ಒಣಗಿದ ಮರಕ್ಕೆ ಇನ್ನೆಂತ ಒಣಗುವುದು ಎಂದು ವಾದ ಮಾಡಿ ಮರುದಿನವೇ ಕೆತ್ತಿಸಿದೆವು. ಹತ್ತನೇ ದಿನ ಹುಡುಗಿಯ ಫೋನು. ಹಿಡಿಯ ತೆಳು ಗೋಡೆಯಲ್ಲಿ ಮೇಲಿಂದ ಕೆಳಗೆ ಸೀಳು. ಕರಾವಳಿಯ ಜೂನ್ ತಿಂಗಳ ತೇವ ಹೊತ್ತ ಮರ ವಿಜಯಪುರದ ಒಣ ಗಾಳಿಗೆ ಕುಗ್ಗಿತ್ತು. ಹಳೇ ಮರವೂ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ, ಅದರ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ತಪ್ಪು ಪೂರ್ತಿ ನಮ್ಮದೇ. ಮಂಚಕ್ಕೆ ನಾಲ್ಕು ಕಾಲಿದ್ದದ್ದು ಪುಣ್ಯ.

ಎರಡನೇ ಕಾಲನ್ನು ಅಜ್ಜ ದಿಮ್ಮಿಯಾಗಿ ಕೊಯ್ದು, ಎರಡೂ ತುದಿಗೆ ಮೇಣದ ಬತ್ತಿ ಕರಗಿಸಿ ಬಳಿದು, ಅಂಗಡಿಯ ನೆರಳಲ್ಲಿ ಐದು ವಾರ ಇಟ್ಟರು. ತೇವ ಬೇಗ ಹೋಗುವುದು ತುದಿಗಳಿಂದ, ಸೀಳು ಶುರುವಾಗುವುದೂ ಅಲ್ಲಿಂದಲೇ. ಮೇಣ ಅದನ್ನು ನಿಧಾನ ಮಾಡುತ್ತದೆ.

ಕೆತ್ತುವ ಕೆಲಸದಲ್ಲಿ ಕಷ್ಟದ್ದು ಹೊರಗಿನ ಆಕಾರ ಅಲ್ಲ, ಒಳಗಿನ ಗುಳಿ. ಪಿಸ್ತೂಲಿನ ಲೋಹದ ಚೌಕಟ್ಟು ಅದರೊಳಗೆ ಅಲ್ಲಾಡದೆ ಕೂರಬೇಕು. ಹೊರಗೆ ಎಷ್ಟು ಚೆನ್ನಾಗಿದ್ದರೂ ಒಳಗೆ ಅಲ್ಲಾಡಿದರೆ ಆ ಹಿಡಿ ಒಲೆಗೆ. ಹಳೇ ಹಿಡಿಯನ್ನು ಅಳತೆಗೆ ಇಟ್ಟುಕೊಂಡರು. ಅದನ್ನು ಮಾತ್ರ ಯಾರೂ ಉಳಿಯಿಂದ ಮುಟ್ಟಬಾರದು, ಹೊಸದು ಕೆಟ್ಟರೆ ವಾಪಸ್ ಹಾಕಲು ಅದೇ ಬೇಕು. ಗಾಳಿಯ ಸಿಲಿಂಡರ್ ಬಿಚ್ಚಿ, ಪೆಲೆಟ್ ಇಲ್ಲವೆಂದು ಎರಡು ಸಲ ನೋಡಿ, ಹುಡುಗಿ ಪಿಸ್ತೂಲನ್ನು ಅಜ್ಜನ ಮುಂದಿಟ್ಟಳು. ಅವರು ಚೌಕಟ್ಟಿಗೆ ದೀಪದ ಮಸಿ ಹಚ್ಚಿ ಗುಳಿಯೊಳಗೆ ಒತ್ತಿ ತೆಗೆದರು. ಮಸಿ ಹತ್ತಿದಲ್ಲಿ ಮರ ಉಬ್ಬಿದೆ ಎಂದು ಲೆಕ್ಕ. ಉಳಿಯಿಂದ ಅಲ್ಲಷ್ಟೇ ಹೆರೆದು ಮತ್ತೆ ಒತ್ತುವುದು. ಒಂದು ಇಡೀ ದಿನ ಇದೇ ಆಯಿತು.

ಹೊರಗಿನ ಆಕಾರಕ್ಕೂ ಅದೇ ಉಪಾಯ, ಆದರೆ ಮಸಿ ಬದಲು ಹುಡುಗಿಯ ಗೆಳತಿಯ ಲಿಪ್‌ಸ್ಟಿಕ್. ಅಂಗೈಗೆ ತೆಳ್ಳಗೆ ಹಚ್ಚಿ ಹಿಡಿ ಹಿಡಿದು ಬಿಟ್ಟರೆ ಎಲ್ಲಿ ಒತ್ತುತ್ತದೆ, ಎಲ್ಲಿ ಖಾಲಿ ಇದೆ ಎಂದು ಗೊತ್ತಾಗುತ್ತದೆ. ಕೆಂಪಾದಲ್ಲಿ ಅರ ಹಾಕಿ ಉಜ್ಜುವುದು, ಖಾಲಿ ಇದ್ದಲ್ಲಿ ಎಂ-ಸೀಲ್ ಮೆತ್ತುವುದು. ನಮ್ಮ ಮನೆಗಳಲ್ಲಿ ಸೋರುವ ಪೈಪಿಗೆ ಹಚ್ಚುವ ಅದೇ ಎಂ-ಸೀಲ್. ಎರಡು ಬಣ್ಣದ ಮುದ್ದೆ ಕಲಸಿ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿ ಕೈಯಿಂದ ಒಮ್ಮೆ ಹದವಾಗಿ ಹಿಡಿದು ಬಿಟ್ಟರೆ ಕೈಯ ಅಚ್ಚು ಬೀಳುತ್ತದೆ. ಗಟ್ಟಿಯಾದ ಮೇಲೆ ಒರಟು ಸ್ಯಾಂಡ್‌ಪೇಪರಿನಿಂದ ಶುರುಮಾಡಿ ನಯವಾದ್ದಕ್ಕೆ ಬರಬೇಕು. ಆ ಪುಡಿಗೆ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ವಾರ್ನಿಷ್ ಬೇಡವೇ ಬೇಡ ಎಂದರು ಅಜ್ಜ. ಬೆವರಿದರೆ ಜಾರುತ್ತದೆ. ಅಗಸಿ ಎಣ್ಣೆ ಸಾಕು. ಆ ಸೀಮೆಯಲ್ಲಿ ಅಗಸಿ ಚಟ್ನಿಗೂ ಅದೇ ಬೀಜ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು, ಬಿಡಿಸಿ ಬಿಸಿಲಿಗೆ ಹರವಬೇಕು. ಅಂಗೈ ತಾಗುವ ಕಡೆ ಮೊಳೆಯ ಮೊನೆಯಿಂದ ಚುಚ್ಚಿ ಚುಚ್ಚಿ ಒರಟು ಮಾಡಿದ್ದು ಹುಡುಗಿಯೇ, ಪರೀಕ್ಷೆಗೆ ಓದುವ ನಡುನಡುವೆ.

ಬಬಲೇಶ್ವರದ ಶೆಡ್ಡಿನಲ್ಲಿ

ಅವಳ ಜತೆ ಬಾಡಿಗೆ ಮನೆಯಲ್ಲಿರುವ ಗೆಳತಿಯ ಊರು ಬಬಲೇಶ್ವರ. ಮನೆಯವರದು ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾಡುವ ಉದ್ದದ ಶೆಡ್ಡು ಬೇಸಿಗೆ ಕಳೆದ ಮೇಲೆ ಖಾಲಿ. ಹಿಡಿಯ ಪರೀಕ್ಷೆ ನಡೆದದ್ದು ಅಲ್ಲಿ. ಪೆಲೆಟ್ ಹಾಕಲಿಲ್ಲ, ಗೋಡೆಗೆ ಬಿಳೀ ಕಾಗದ ಅಂಟಿಸಿ ಖಾಲಿ ಪಿಸ್ತೂಲಿನಲ್ಲೇ.

ಪರೀಕ್ಷೆ ಸರಳ. ಕಣ್ಣು ಮುಚ್ಚಿ ಪಿಸ್ತೂಲು ಎತ್ತಿ, ತೋಳು ನೆಲೆಗೆ ನಿಂತ ಮೇಲೆ ಕಣ್ಣು ತೆರೆಯುವುದು. ಮುಂದಿನ ಮೊನೆ ಹಿಂದಿನ ಕಚ್ಚಿನ ನಟ್ಟನಡುವೆ ಕೂತಿದ್ದರೆ ಹಿಡಿ ಸರಿ. ಎಡಕ್ಕೋ ಬಲಕ್ಕೋ ವಾಲಿದ್ದರೆ, ಅದನ್ನು ಕಣ್ಣಿಟ್ಟು ಸರಿಮಾಡಲು ಮಣಿಕಟ್ಟು ತಿರುಚಬೇಕಾಗುತ್ತದೆ, ನೋವು ಹುಟ್ಟುವುದು ಅಲ್ಲೇ. ಮೊದಲ ದಿನ ಇಪ್ಪತ್ತರಲ್ಲಿ ಹದಿನೈದು ಸಲ ಬಲಕ್ಕೆ. ಅಂಗೈಯ ಕಡೆ ಒಂದು ಪದರ ಹೆರೆದು ಮತ್ತೆ ಎತ್ತಿದಳು. ಗೆಳತಿಯ ಅಪ್ಪ ಶೆಡ್ಡಿನ ಬಾಗಿಲಲ್ಲಿ ಕೂತು ಎಣಿಸುತ್ತಿದ್ದರು. ನಾಲ್ಕನೇ ಭಾನುವಾರದ ಹೊತ್ತಿಗೆ ಇಪ್ಪತ್ತರಲ್ಲಿ ಹದಿನೇಳು ಸಲ ನಡುವೆ. ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನವೂ ಮಾಡಿ ನೋಡಬೇಕು, ಸೆಖೆಗೆ ಕೈ ಊದಿಕೊಂಡು ಬೆಳಗಿನ ಅಳತೆ ಬಿಗಿಯಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ರಾತ್ರಿ ಅವಳು ಅಳುದನಿಯಲ್ಲಿ ಫೋನ್ ಮಾಡಿದಳು. ಅಂಗೈಯ ಬುಡಕ್ಕೆ ಆಸರೆ ಕೊಡುವ ಕೆಳಗಿನ ಮೆಟ್ಟಿಲನ್ನು ನಾವೇ ಹೇಳಿ ಸ್ವಲ್ಪ ಮೇಲಕ್ಕೆ ಬಾಗಿಸಿದ್ದೆವು. ಕೈ ಅದರಲ್ಲಿ ತೊಟ್ಟಿಲಲ್ಲಿ ಕೂತ ಹಾಗೆ ಕೂರುತ್ತಿತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಆ ಮೆಟ್ಟಿಲು ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇರಬಾರದು, ಮೇಲಕ್ಕೆ ಬಾಗಿರಬಾರದು. ಹಿಡಿ ಕೈಯನ್ನು ಸುತ್ತುವರಿಯಬಾರದು, ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಏಳುವಂತಿರಬೇಕು, ಮಣಿಕಟ್ಟಿಗೆ ಯಾವ ಆಸರೆಯೂ ಸಲ್ಲದು. ಆ ಕೈಗೆ ವಾಚು, ಬಳೆ ಕೂಡ ಇಲ್ಲ. ಪಿಸ್ತೂಲು 1,500 ಗ್ರಾಮಿನೊಳಗಿದ್ದು, 420 ಮಿಲಿಮೀಟರ್ ಉದ್ದ, 200 ಎತ್ತರ, 50 ಅಗಲದ ಪೆಟ್ಟಿಗೆಯಲ್ಲಿ ಹಿಡಿಸಬೇಕು. ನಾವು ಆರಾಮ ನೋಡಿದೆವು, ನಿಯಮ ಓದಲಿಲ್ಲ. ಮೊದಲು ಓದಬೇಕಾದ್ದು ಅದನ್ನೇ. ಓದುಗರಲ್ಲಿ ಯಾರ ಮಕ್ಕಳಾದರೂ ಈ ಆಟಕ್ಕಿಳಿದಿದ್ದರೆ ದಯವಿಟ್ಟು ಇದೊಂದನ್ನು ನಮ್ಮಿಂದ ಕಲಿಯಿರಿ.

ಅಜ್ಜ ಬೈಯಲಿಲ್ಲ. ‘ಕಾಯ್ದೆ ಐತಿ ಅಂತ ಮೊದ್ಲ ಹೇಳಬಾರದೇನ್ರಿ’ ಎಂದು ಮಾತ್ರ ಹೇಳಿ, ಬಾಗಿದ ಅಂಚನ್ನು ಅರದಿಂದ ಮಟ್ಟ ಮಾಡಿಕೊಟ್ಟರು. ಅಗಲ ಅಳೆದಾಗ 51 ಮಿಲಿಮೀಟರ್ ಬಂತು. ಅದನ್ನೂ 49ಕ್ಕೆ ಇಳಿಸಿದರು. ಎರಡೂ ಹಿಡಿಯ ಕೆಲಸಕ್ಕೆ ಸೇರಿ ಅವರು ತೆಗೆದುಕೊಂಡದ್ದು 1,400 ರೂಪಾಯಿ. ಒತ್ತಾಯ ಮಾಡಿದರೂ ಹೆಚ್ಚು ಮುಟ್ಟಲಿಲ್ಲ. ಊರಿಂದ ಒಯ್ದಿದ್ದ ಹಲಸಿನ ಹಪ್ಪಳ ಮಾತ್ರ ಬೇಡ ಎನ್ನಲಿಲ್ಲ.

ಪಂದ್ಯದ ದಿನ ಸಲಕರಣೆ ತಪಾಸಣೆಯ ಸಾಲಿನಲ್ಲಿ ಅವಳ ಹಿಂದೆ ನಾವೂ ನಿಂತಿದ್ದೆವು. ತಪಾಸಣೆಯವರು ಮಂಚದ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ಮುಚ್ಚಿಕೊಂಡಿತು. ಸ್ಟಿಕರ್ ಅಂಟಿಸಿ ವಾಪಸ್ ಕೊಟ್ಟರು. ಪದಕದ ಹತ್ತಿರ ಅವಳು ಬರಲಿಲ್ಲ. ಹಿಂದಿನ ತನ್ನ ಅತ್ಯುತ್ತಮ 541 ಇತ್ತು, ಆವತ್ತು 549. ಅರವತ್ತನೇ ಹೊಡೆತ ಆದ ಮೇಲೆ ಮಣಿಕಟ್ಟನ್ನು ಉಜ್ಜಿಕೊಳ್ಳದೆ ನೇರ ನೀರು ಕುಡಿಯಲು ಹೋದಳು.

ಈಗ ಬಬಲೇಶ್ವರದ ಆ ಗೆಳತಿಯೂ ಶುರು ಮಾಡಿದ್ದಾಳೆ. ಅವಳು ಎಡಗೈಯವಳು, ಎಡಗೈ ಹಿಡಿ ಸಿಗುವುದು ಇನ್ನೂ ಕಷ್ಟ. ಹೋದ ವಾರದ ರೈಲಿನಲ್ಲಿ ಉಮ್ಮ ಮೂರನೇ ಕಾಲನ್ನು ತಾವೇ ಕಟ್ಟಿ ಕಳಿಸಿದರು, ಎರಡು ತಿಂಗಳು ಅಜ್ಜನ ಅಂಗಡಿಯಲ್ಲೇ ಇರಲಿ ಎಂಬ ಚೀಟಿಯ ಜತೆಗೆ.